ಇಂಟರ್ 175: ವಿಮಾನ ಕಾರ್ಖಾನೆಯಲ್ಲಿ ಹುಟ್ಟಿದ ಮೂರು ಗಾಲಿಯ ಫ್ರೆಂಚ್ ಗಾಡಿ

ಪ್ರಶ್ನೆ: ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ಲೇನ್ ಮೋಟರ್ ಮ್ಯೂಸಿಯಂನಲ್ಲಿ ‘ಇಂಟರ್ 175’ ಎಂಬ ಮೂರು ಗಾಲಿಯ ಫ್ರೆಂಚ್ ಗಾಡಿ ನೋಡಿದೆ. ಮುಂದೆ ಎರಡು ಗಾಲಿ, ಹಿಂದೆ ಒಂದು. ಸೀಟುಗಳು ಅಕ್ಕಪಕ್ಕ ಇಲ್ಲ, ಒಂದರ ಹಿಂದೊಂದು. ವಿಮಾನ ತಯಾರಿಸುವವರು ಇದನ್ನೇಕೆ ಮಾಡಿದರು, ಇಷ್ಟು ಬೇಗ ಏಕೆ ನಿಲ್ಲಿಸಿದರು? ನಮ್ಮ ಆಟೊದಂತೆ ತಿರುವಿನಲ್ಲಿ ಮಗುಚುವುದಿಲ್ಲವೆ? ಫ್ರಾನ್ಸಿನಲ್ಲಿರುವ ನನ್ನ ಗೆಳೆಯನಿಗೆ ಇಂಥದೊಂದನ್ನು ಕೊಂಡು ಓಡಿಸುವ ಆಸೆ. ಏನೇನು ನೋಡಿ ಕೊಳ್ಳಬೇಕು?

ಉತ್ತರ: ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳೋಣ. ಇಂಟರ್ ಅನ್ನು ‘ಚಿಕ್ಕ ಕಾರು’ ಎಂದುಕೊಂಡರೆ ಅದರ ಇತಿಹಾಸವೂ ಅರ್ಥವಾಗುವುದಿಲ್ಲ, ಕೊಳ್ಳುವಾಗಲೂ ಲೆಕ್ಕ ತಪ್ಪುತ್ತದೆ. ಇದರೊಳಗೆ ಇರುವುದು ಮೋಟರ್‌ಸೈಕಲ್ಲಿನ ಎಂಜಿನ್, ಮೋಟರ್‌ಸೈಕಲ್ಲಿನ ಗೇರ್‌ಬಾಕ್ಸ್. ಮೇಲಿರುವುದು ವಿಮಾನ ಕಾರ್ಖಾನೆಯವರು ಯೋಚಿಸಿದ ಮೈ. ಈ ಎರಡು ಅರ್ಧಗಳ ಬೆಲೆ, ಬಾಳಿಕೆ, ಬಿಡಿಭಾಗ ಸಿಗುವ ರೀತಿ ಎಲ್ಲವೂ ಬೇರೆ ಬೇರೆ. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಹೊರಡುವುದು ಅಲ್ಲಿಂದಲೇ.

ತಯಾರಿಸಿದವರು ‘ಸೊಸಿಯೆತೆ ನಾಸಿಯೊನಾಲ್ ದ ಕನ್‌ಸ್ತ್ರುಕ್ಸಿಯೊಂ ಏರೊನೊಟಿಕ್ ದ್ಯು ನೊರ್’, ಚಿಕ್ಕದಾಗಿ ಎಸ್‌ಎನ್‌ಸಿಎಎನ್. ಫ್ರಾನ್ಸಿನ ಪಾಪ್ಯುಲರ್ ಫ್ರಂಟ್ ಎಂಬ ಎಡಪಕ್ಷಗಳ ಮೈತ್ರಿಕೂಟದ ಸರ್ಕಾರ 1936ರಲ್ಲಿ ವಿಮಾನ ಉದ್ಯಮವನ್ನು ರಾಷ್ಟ್ರೀಕರಣ ಮಾಡಲು ಹೊರಟಾಗ ಹುಟ್ಟಿದ ಸರ್ಕಾರಿ ಕಂಪನಿಗಳಲ್ಲಿ ಇದೂ ಒಂದು. ಮೇಓಲ್ತ್‌ನ ಪೊತೇಜ್ ಕಾರ್ಖಾನೆ, ಲೆ ಮ್ಯುರೊದ ಕಾರ್ಖಾನೆ, ಸಾರ್ತ್ರೂವೀಲ್‌ನ ಸಮುದ್ರವಿಮಾನ ಕಾರ್ಖಾನೆ ಮುಂತಾದವನ್ನು ಸೇರಿಸಿ ಕಟ್ಟಿದ್ದು. ಯುದ್ಧಕಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದಾಗ ಲೆ ಮ್ಯುರೊದಲ್ಲಿ ಮೆಸ್ಸರ್‌ಶ್ಮಿಟ್ ಬಿಎಫ್ 108 ವಿಮಾನಗಳನ್ನು ಕಟ್ಟಬೇಕಾಯಿತು. ಯುದ್ಧ ಮುಗಿದ ಮೇಲೆ ಅದೇ ವಿಮಾನವನ್ನು ‘ನೊರ್ 1000’ ಎಂದು ಹೆಸರಿಸಿ ಫ್ರೆಂಚರು ತಮಗಾಗಿಯೇ ಕಟ್ಟಿಕೊಂಡರು. ಮುಂದೆ ಈ ಕಂಪನಿ ‘ನೊರ್ ಆವಿಯಾಸಿಯೊಂ’ ಆಗಿ, 1970ರಲ್ಲಿ ಏರೊಸ್ಪಾಸಿಯಾಲ್ ಎಂಬ ದೊಡ್ಡ ವಿಮಾನ ಕಂಪನಿಯೊಳಗೆ ಸೇರಿಹೋಯಿತು. ನಿಮ್ಮ ಮ್ಯೂಸಿಯಂ ಗಾಡಿಯ ವಂಶದವರು ಇವತ್ತಿನ ಏರ್‌ಬಸ್ ಮನೆತನದಲ್ಲಿದ್ದಾರೆ ಎಂದರೆ ತಪ್ಪಿಲ್ಲ.

ವಿಮಾನದವರು ಗಾಡಿ ಮಾಡಿದ್ದು ವಿಚಿತ್ರವೆನಿಸಬಹುದು. ಆ ಕಾಲದ ಯುರೋಪಿನಲ್ಲಿ ಅದು ಮಾಮೂಲಿ ಸಂಗತಿ. ಜರ್ಮನಿಯಲ್ಲಿ ವಿಮಾನ ತಯಾರಿಕೆಗೇ ನಿಷೇಧ ಇತ್ತು. ಹಾಗಾಗಿ ಮೆಸ್ಸರ್‌ಶ್ಮಿಟ್ ಕಂಪನಿ ಫ್ರಿಟ್ಜ್ ಫೆಂಡ್ ಎಂಬ ಎಂಜಿನಿಯರನ ವಿನ್ಯಾಸ ಹಿಡಿದು 1953ರಲ್ಲಿ ರೇಗನ್ಸ್‌ಬುರ್ಗ್‌ನಿಂದ ಕೆಆರ್ 175 ಎಂಬ ಮೂರು ಗಾಲಿಯ ಗಾಡಿ ಹೊರತಂದಿತು. ಅದರಲ್ಲೂ ಮುಂದೆ ಎರಡು ಗಾಲಿ, ಹಿಂದೆ ಒಂದು, ಸೀಟು ಹಿಂದೆ ಮುಂದೆ. ಹೈಂಕೆಲ್ ಎಂಬ ಇನ್ನೊಂದು ವಿಮಾನ ಕಂಪನಿ ಕೂಡ 1956ರಲ್ಲಿ ಅದೇ ದಾರಿ ಹಿಡಿಯಿತು. ಫ್ರಾನ್ಸಿನಲ್ಲಿ ನಿಷೇಧ ಇರಲಿಲ್ಲ. ಆದರೆ ಯುದ್ಧದ ನಂತರ ವಿಮಾನದ ಆರ್ಡರು ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ಕೆಲಸಗಾರರನ್ನು ಬಿಡುವಂತಿಲ್ಲ, ಯಂತ್ರಗಳು ಸುಮ್ಮನೆ ನಿಲ್ಲುವಂತಿಲ್ಲ. ಅದಕ್ಕೂ ಮೊದಲೇ ಗಾಬ್ರಿಯೆಲ್ ವೊಯ್ಸಾಂ ಎಂಬ ಹಳೆಯ ವಿಮಾನ ಪ್ರವರ್ತಕ ‘ಬಿಸ್ಕೂಟರ್’ ಎಂಬ ನಾಲ್ಕು ಗಾಲಿಯ ಪುಟ್ಟ ಗಾಡಿ ರೂಪಿಸಿದ್ದ. ವಿಮಾನ ಎಂಜಿನ್ ಮಾಡುವ ಇನ್ನೊಂದು ಸರ್ಕಾರಿ ಕಂಪನಿ ಅದನ್ನು ಕೈಬಿಟ್ಟಿತು, ಕೊನೆಗೆ ಅದು ಸ್ಪೇನಿನ ಬಾರ್ಸಿಲೋನಾದಲ್ಲಿ ತಯಾರಾಯಿತು.

ಯುದ್ಧಾನಂತರದ ಫ್ರಾನ್ಸಿನಲ್ಲಿ ಹೊಸ ಕಾರು ಮಾಡುವುದು ಯಾರೂ ಬೇಕೆಂದಾಗ ಕೈಹಾಕಬಹುದಾದ ಕೆಲಸವಲ್ಲ. ಉಕ್ಕು ಪಡಿತರದಲ್ಲಿತ್ತು. ಪೊಲ್-ಮಾರಿ ಪೊಂಸ್ ಎಂಬ ಅಧಿಕಾರಿ ರೂಪಿಸಿದ ಯೋಜನೆಯಲ್ಲಿ ಯಾವ ಕಂಪನಿ ಯಾವ ದರ್ಜೆಯ ಕಾರು ಮಾಡಬೇಕೆಂದು ಮೊದಲೇ ಹಂಚಿಕೆಯಾಗಿತ್ತು. ಅದರೊಳಗೆ ಜಾಗ ಸಿಗದವರಲ್ಲಿ ಎಮಿಲ್ ಮಾತಿಸ್ ಒಬ್ಬ. ಅವನ ಕಂಪನಿ ಯುದ್ಧದ ನಡುವೆ ಗುಟ್ಟಾಗಿ ಕಟ್ಟಿದ ವಿಎಲ್ 333 ಇಂಟರ್‌ಗಿಂತ ಹತ್ತು ವರ್ಷ ಹಿಂದಿನದು: ಮೂರು ಗಾಲಿ, ಮೂರು ಸೀಟು, 100 ಕಿಲೋಮೀಟರಿಗೆ 3 ಲೀಟರ್ ಪೆಟ್ರೋಲ್, ಅಲ್ಯೂಮಿನಿಯಂ ಮೈ. ವಿನ್ಯಾಸ ಜಾಂ ಆಂದ್ರೊ ಎಂಬ ವಾಯುಚಲನ ತಜ್ಞನದು. ಬೆರಳೆಣಿಕೆಯಷ್ಟು ಕಟ್ಟಿ ಅಲ್ಲಿಗೇ ನಿಂತಿತು. ನನ್ನ ಅಭಿಪ್ರಾಯದಲ್ಲಿ ಫ್ರೆಂಚರ ಮೂರು ಗಾಲಿಯ ಗಾಡಿಗಳಲ್ಲಿ ನಿಜವಾಗಿ ‘ಕಾರು’ ಎನ್ನಬಹುದಾದದ್ದು ಅದೊಂದೇ. 1950ರ ದಶಕದವು ಸ್ಕೂಟರ್ ವಂಶದವು.

ಇಂಟರ್ 1953ರಲ್ಲಿ ಪ್ಯಾರಿಸ್ ಮೋಟರ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು, 1956ರಲ್ಲಿ ನಿಂತಿತು. ಒಟ್ಟು ಸುಮಾರು 300 ಗಾಡಿ ಆಗಿರಬೇಕೆಂಬುದು ರೂಢಿಯಲ್ಲಿರುವ ಅಂದಾಜು. ಮುಚ್ಚಿದ ಮೈಯದಕ್ಕೆ ‘ಬರ್ಲಿನ್’, ತೆರೆದದ್ದಕ್ಕೆ ‘ಟಾರ್ಪೆಡೊ’ ಎಂದು ಹೆಸರು. ಎಂಜಿನ್ ಹಿಂಬದಿಯಲ್ಲಿ: ಇದ್ರಾಲ್ ಕಂಪನಿಯ 175 ಸಿಸಿ, ಒಂಟಿ ಸಿಲಿಂಡರ್, ಟೂ-ಸ್ಟ್ರೋಕ್, 8 ಅಶ್ವಶಕ್ತಿ, ಮೂರು ಗೇರು. ಇದ್ರಾಲ್ ಯಜಮಾನ ಅನಾತೊಲ್ ಲಾರ್ದಿ. ತನ್ನ ಮನೆತನದ ಹೆಸರನ್ನೇ ಹಿಂದುಮುಂದಾಗಿಸಿ ಕಂಪನಿಗೆ ಇಟ್ಟವನು. ಆ ಎಂಜಿನ್ ಇಂಟರ್‌ಗೆಂದು ಮಾಡಿದ್ದಲ್ಲ. ಫ್ರಾನ್ಸಿನ ಹತ್ತಾರು ಮೋಟರ್‌ಸೈಕಲ್ ಕಂಪನಿಗಳು ಅದನ್ನು ಕೊಂಡು ತಮ್ಮ ಫ್ರೇಮಿಗೆ ಕೂರಿಸುತ್ತಿದ್ದವು. ಮೋಶೆ, ಪೊಲ್ ವಾಲೆಯ ‘ಶಾಂತ್‌ಕ್ಲೇರ್’ ಮುಂತಾದ ಪುಟ್ಟ ಗಾಡಿಗಳ ಎಂಜಿನ್ನೂ ಇದೇ ಕಾರ್ಖಾನೆಯದು. ಇದನ್ನು ನೆನಪಿಟ್ಟುಕೊಳ್ಳಿ, ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ.

ಇನ್ನು ಎಲ್ಲರೂ ಕೇಳುವ ‘ಜೈರೊಸ್ಟಾರ್ಟರ್’, ಅಂದರೆ ಇಂಟರ್‌ನ ಎಂಜಿನ್ ಸ್ಟಾರ್ಟ್ ಮಾಡುವ ಸಾಧನ. ಇದು ವೆಸ್ಟಿಂಗ್‌ಹೌಸ್ ಕಂಪನಿಯದು, ವಿಮಾನದವರಿಗೆ ಚೆನ್ನಾಗಿ ಗೊತ್ತಿದ್ದ ತತ್ವದ್ದು. ಎಂಜಿನ್ನನ್ನು ನೇರವಾಗಿ ತಿರುಗಿಸುವ ಬದಲು ಮೊದಲು ಒಂದು ಭಾರವಾದ ಚಕ್ರವನ್ನು ಜೋರಾಗಿ ತಿರುಗಿಸುತ್ತಾರೆ. ಅದು ವೇಗ ಹಿಡಿದ ಮೇಲೆ ಕ್ಲಚ್ಚಿನಿಂದ ಕ್ರ್ಯಾಂಕಿಗೆ ಜೋಡಿಸುತ್ತಾರೆ. ಯುದ್ಧಕಾಲದ ಮೆಸ್ಸರ್‌ಶ್ಮಿಟ್ 109ರಂಥ ವಿಮಾನಗಳಲ್ಲಿ ನೆಲದ ಮೇಲಿನವರು ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದುದು ಇಂಥದೇ ಚಕ್ರವನ್ನು. ಲೆಕ್ಕ ಹಾಕಿ ನೋಡಿ: 2 ಕಿಲೋ ತೂಕದ, ತೂಕವೆಲ್ಲ ನಡುವಿನಿಂದ ಸುಮಾರು 6 ಸೆಂಟಿಮೀಟರ್ ದೂರದಲ್ಲಿರುವ ಚಕ್ರ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಅದರಲ್ಲಿ ಸುಮಾರು 1,400 ಜೂಲ್ ಶಕ್ತಿ ಇರುತ್ತದೆ. ಒಂದೇ ಸೆಕೆಂಡಿನಲ್ಲಿ ಅದನ್ನು ಕೊಡಬೇಕೆಂದರೆ ಸುಮಾರು 1.4 ಕಿಲೋವಾಟಿನ ಸ್ಟಾರ್ಟರು, ಅದಕ್ಕೆ ತಕ್ಕ ಬ್ಯಾಟರಿ ಬೇಕು. ಅದೇ ಶಕ್ತಿಯನ್ನು ಅರ್ಧ ನಿಮಿಷ ಕೂಡಿಹಾಕುವುದಾದರೆ 50 ವಾಟ್ ಸಾಕು. (ಈ ಸಂಖ್ಯೆಗಳು ತತ್ವ ತಿಳಿಸಲು ಕೊಟ್ಟವು, ಇಂಟರ್‌ನ ಚಕ್ರದ ಅಳತೆಗಳಲ್ಲ.) 175 ಸಿಸಿಯ ಎಂಜಿನ್ನಿಗೆ ಒಂದು ಕಿಕ್ ಸಾಕಾಗಿತ್ತು, ನಿಜ. ಆದರೆ ಒಳಗೆ ಕೂತವನು ಕಿಕ್ ಹೊಡೆಯುವುದಾದರೂ ಹೇಗೆ?

ಹಳೆಯ ಜೈರೊಸ್ಟಾರ್ಟರಿನಲ್ಲಿ ಕೆಡುವುದು ಮೂರು ಕಡೆ. ಬೇರಿಂಗಿನ ಗ್ರೀಸು ಒಣಗಿ ಮೇಣದಂತಾಗಿ ಚಕ್ರ ವೇಗ ಹಿಡಿಯುವುದಿಲ್ಲ. ಕ್ಲಚ್ಚಿನ ಹಲ್ಲು ಸವೆದು ‘ಕಟಕಟ’ ಎಂದು ಜಾರುತ್ತದೆ. ಇಗ್ನಿಷನ್ ಟೈಮಿಂಗ್ (ಕಿಡಿ ಬೀಳುವ ಸಮಯ) ಅತಿಯಾಗಿ ಮುಂದಿದ್ದರೆ ಎಂಜಿನ್ ಹಿಮ್ಮುಖವಾಗಿ ಒದ್ದು ಆ ಹಲ್ಲನ್ನೇ ಮುರಿಯುತ್ತದೆ. ಆದ್ದರಿಂದ ಸ್ಟಾರ್ಟರನ್ನು ಪರೀಕ್ಷಿಸುವ ಮೊದಲು ಟೈಮಿಂಗ್ ಸರಿಮಾಡಿ. ಬಿಚ್ಚಿ ಟೇಬಲ್ಲಿನ ಮೇಲಿಟ್ಟು, ಮುಚ್ಚಳ ತೆಗೆದು ತಿರುಗಿಸುವ ಕೆಲಸಕ್ಕಂತೂ ಹೋಗಬೇಡಿ. 70 ವರ್ಷದ ಎರಕದ ಚಕ್ರದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು.

ಮಗುಚುವ ಮಾತು

ಆಟೊ ಮತ್ತು ಇಂಟರ್ ಎರಡಕ್ಕೂ ಮೂರೇ ಗಾಲಿ, ಆದರೆ ಜೋಡಣೆ ತಲೆಕೆಳಗು. ಆಟೊದಲ್ಲಿ ಒಂಟಿ ಗಾಲಿ ಮುಂದಿದೆ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಆಟೊ ಇಂಡಸ್ಟ್ರೀಸ್, ಅಂದರೆ ಮುಂದೆ ಸಿಪಾನಿ ಎಂದಾದ ಕಂಪನಿ, ಫೈಬರ್‌ಗ್ಲಾಸ್ ಮೈಯ ‘ಬಾದಲ್’ ಎಂಬ ಮೂರು ಗಾಲಿಯ ಪುಟ್ಟ ಕಾರು ಮಾಡಿತ್ತಲ್ಲ, ಅದರಲ್ಲೂ ಒಂಟಿ ಗಾಲಿ ಮುಂದೆಯೇ. 198 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ ಹಿಂದೆ. ಫ್ರಾನ್ಸಿನಲ್ಲಿ ಲಿಯೊಂ ನಗರದ ‘ಸೊಲಿತೊ’ ಎಂಬ ಸರಕು ಗಾಡಿಯೂ ಇದೇ ಜೋಡಣೆಯದು. ಒಂಟಿ ಗಾಲಿ ಮುಂದಿದ್ದರೆ ಹಿಂದೆ ಸಾಮಾನು ಹೇರುವುದು ಸುಲಭ, ಸ್ಟಿಯರಿಂಗ್ ಅಗ್ಗ. ತೊಂದರೆ ಬರುವುದು ತಿರುವಿನಲ್ಲಿ ಬ್ರೇಕ್ ಹಾಕಿದಾಗ. ಭಾರವೆಲ್ಲ ಮುಂದಕ್ಕೆ, ಅಂದರೆ ಆಧಾರ ತೀರ ಕಿರಿದಾಗಿರುವ ಕಡೆಗೆ ನುಗ್ಗುತ್ತದೆ. ಇಂಟರ್‌ನಲ್ಲಿ ಬ್ರೇಕಿನ ಭಾರ ಅಗಲವಾದ ಕಡೆಗೆ ಬರುತ್ತದೆ. ಹಾಗಾಗಿ ಬ್ರೇಕ್ ಹಾಕುತ್ತ ತಿರುಗಿದರೂ ಆಟೊದಷ್ಟು ಅಪಾಯವಿಲ್ಲ.

ಆದರೂ ನಾಲ್ಕು ಗಾಲಿಯಷ್ಟು ಭದ್ರವಲ್ಲ. ಅದು ಎಷ್ಟರ ಮಟ್ಟಿಗೆ ಎಂದು ನೋಡಲು ಸರಳ ಲೆಕ್ಕವಿದೆ. ಮುಂದಿನ ಎರಡು ಗಾಲಿಗಳ ನಡುವೆ 1.2 ಮೀಟರ್, ಮುಂದಿನ ಗಾಲಿಯಿಂದ ಹಿಂದಿನದಕ್ಕೆ 1.8 ಮೀಟರ್, ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಭಾರದ ಕೇಂದ್ರ ಹಿಂದಿನ ಗಾಲಿಯಿಂದ 1.1 ಮೀಟರ್ ಮುಂದಿದ್ದರೆ, ಅಲ್ಲಿ ಆಧಾರದ ಅರ್ಧ ಅಗಲ 0.6 ಅನ್ನು 1.1ರಿಂದ ಗುಣಿಸಿ 1.8ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.37 ಮೀಟರ್. ಅದನ್ನು ಎತ್ತರದಿಂದ ಭಾಗಿಸಿದರೆ 0.73. ಗಾಡಿಯ ತೂಕದ 73 ಶೇಕಡಾದಷ್ಟು ಬಲ ಪಕ್ಕಕ್ಕೆ ಎಳೆದಾಗ ಒಳಗಿನ ಗಾಲಿ ಏಳುತ್ತದೆ. ಅದೇ ಅಳತೆಯ ನಾಲ್ಕು ಗಾಲಿಯ ಗಾಡಿಯಲ್ಲಿ ಈ ಸಂಖ್ಯೆ 1.2, ಅಲ್ಲಿ ಮಗುಚುವ ಮೊದಲು ಟೈರೇ ಜಾರುತ್ತದೆ. ಈಗ ಹಿಂದಿನ ಸೀಟಿನಲ್ಲಿ ದಪ್ಪನೆಯವರೊಬ್ಬರನ್ನು ಕೂರಿಸಿ. ಭಾರದ ಕೇಂದ್ರ ಹಿಂದೆ ಸರಿದು ಒಂಟಿ ಗಾಲಿಯಿಂದ 0.8 ಮೀಟರಿಗೆ ಬಂದಿತೆಂದರೆ 0.73 ಇದ್ದದ್ದು 0.53ಕ್ಕೆ ಇಳಿಯುತ್ತದೆ. ಒಂದರ ಹಿಂದೊಂದು ಸೀಟು, ಜೊತೆಗೆ ಹಿಂದೆ ಎಂಜಿನ್ ಇರುವ ಗಾಡಿಯ ನಿಜವಾದ ದೌರ್ಬಲ್ಯ ಇದು. ನಿಮ್ಮ ಗೆಳೆಯ ಒಬ್ಬನೇ ಓಡಿಸಿ ‘ಚೆನ್ನಾಗಿದೆ’ ಎಂದ ತಿರುವಿನಲ್ಲಿ ಇಬ್ಬರಿದ್ದಾಗ ಅದೇ ವೇಗದಲ್ಲಿ ಹೋಗಬಾರದು.

ರಸ್ತೆಯ ಗುಂಡಿಯನ್ನು ಎರಡು ಗಾಲಿಗಳ ನಡುವೆ ಬಿಟ್ಟು ಹೋಗುವ ಅಭ್ಯಾಸವನ್ನೂ ಮರೆಯಬೇಕು. ನಡುವೆ ಇನ್ನೊಂದು ಗಾಲಿ ಬರುತ್ತಿದೆ.

ಮುಂದಿನ ಗಾಲಿಗಳ ಇನ್ನೊಂದು ವಿಶೇಷ ಮಡಚುವಿಕೆ. ರೊಬೇರ್ ಅನ್ವಾಯೆ ಪ್ಯಾರಿಸ್‌ನಲ್ಲಿ ಮಾಡುತ್ತಿದ್ದ ‘ರೆಯೊನ್ನಾ’ ಎಂಬ ಗಾಡಿಯಲ್ಲಿ ಮುಂದಿನ ಗಾಲಿಗಳ ತೋಳುಗಳು ಒಳಕ್ಕೆ ಮಡಚಿಕೊಂಡು, ಗಾಡಿ ಕಿರಿದಾಗಿ ಮನೆಯ ಬಾಗಿಲಲ್ಲಿ ಹಾದುಹೋಗುತ್ತಿತ್ತು. ಅದರ ಹಿಂದಿನ ಎರಡು ಗಾಲಿಗಳು ಒಂದಕ್ಕೊಂದು ಅಂಟಿದಷ್ಟು ಹತ್ತಿರ. ಇಂಟರ್‌ನವರೂ ಅದೇ ಉಪಾಯ ಹಿಡಿದರು. ಗ್ಯಾರೇಜ್ ಇಲ್ಲದ, ಒಳ ಅಂಗಳಕ್ಕೆ ಕಿರಿದಾದ ದಾರಿಯಿದ್ದ ಹಳೆಯ ವಠಾರಗಳಿಗೆ ಇದು ಅನುಕೂಲ. ಮೆಕ್ಯಾನಿಕ್‌ನ ಕಣ್ಣಿಗೆ ಮಾತ್ರ ಇದು ಸವೆಯುವ ಇನ್ನೊಂದು ಜಾಗ. ತೋಳಿನ ಕೀಲಿನಲ್ಲಿ ಅರ್ಧ ಮಿಲಿಮೀಟರ್ ಆಟ ಬಂದರೂ ಗಾಲಿಯ ತುದಿಯಲ್ಲಿ ಅದು ಹಲವು ಪಟ್ಟಾಗುತ್ತದೆ. ಬ್ರೇಕ್ ಹಾಕಿದಾಗ ಗಾಲಿಗಳು ಹೊರಕ್ಕೆ ತೆರೆದುಕೊಂಡು ಗಾಡಿ ಒಂದು ಕಡೆಗೆ ಎಳೆಯುತ್ತದೆ.

ನಿಂತದ್ದೇಕೆ

ಇಂಟರ್‌ಗೆ ಎದುರಾಳಿ ಮೆಸ್ಸರ್‌ಶ್ಮಿಟ್ ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದರ ಎದುರಾಳಿ ಸಿತ್ರೊಯೆನ್ 2ಸಿವಿ. ಅದು 1948ರಲ್ಲಿ ಬಂದಾಗ ಎಂಜಿನ್ 375 ಸಿಸಿ, ಶಕ್ತಿ 9 ಅಶ್ವಶಕ್ತಿ. ಇಂಟರ್‌ಗಿಂತ ಒಂದೇ ಒಂದು ಹೆಚ್ಚು! ಆದರೆ ನಾಲ್ಕು ಸೀಟು, ನಾಲ್ಕು ಗಾಲಿ, ಫೋರ್-ಸ್ಟ್ರೋಕ್ ಎಂಜಿನ್, ಹಿಂದೆ ಆಲೂಗೆಡ್ಡೆ ಮೂಟೆ ಹಾಕುವಷ್ಟು ಜಾಗ. 2ಸಿವಿಗೆ ವರ್ಷಗಟ್ಟಲೆ ಕಾಯಬೇಕಿದ್ದಾಗ ಪುಟ್ಟ ಗಾಡಿಗಳಿಗೆ ಜಾಗವಿತ್ತು. ಉತ್ಪಾದನೆ ಏರಿದಂತೆ ಆ ಜಾಗ ಮುಚ್ಚಿತು. ರೆನೊ 4ಸಿವಿ ಆ ಹೊತ್ತಿಗೆ ಲಕ್ಷಗಳ ಲೆಕ್ಕದಲ್ಲಿ ಹೊರಬರುತ್ತಿತ್ತು. 1955ರಲ್ಲಿ ಇಟಲಿಯ ಇಸೆಟ್ಟಾ ಎಂಬ ಪುಟ್ಟ ಗಾಡಿ ‘ವೆಲಾಂ’ ಎಂಬ ಹೆಸರಿನಲ್ಲಿ ಪ್ಯಾರಿಸ್ ಪಕ್ಕದ ಸ್ಯುರೇನ್‌ನಲ್ಲೇ ತಯಾರಾಗತೊಡಗಿತು, ಅದರಲ್ಲಿ ಗಂಡಹೆಂಡತಿ ಅಕ್ಕಪಕ್ಕ ಕೂರಬಹುದಿತ್ತು. ಅದೂ ಹೆಚ್ಚು ಕಾಲ ಬಾಳಲಿಲ್ಲ.

ಜರ್ಮನಿಯಲ್ಲಿ ಕೆಆರ್ 175 ಸುಮಾರು 15,000 ಮಾರಾಟವಾಯಿತು. ಅದರ ಮುಂದಿನ ಕೆಆರ್ 200 ಇನ್ನೂ ಹೆಚ್ಚು. ಅಲ್ಲಿ ಸ್ಕೂಟರಿನಿಂದ ಫೋಕ್ಸ್‌ವ್ಯಾಗನ್‌ವರೆಗೆ ದೊಡ್ಡ ಕಂದಕ. ಕೆಆರ್ 200ರಲ್ಲಿ ಇನ್ನೊಂದು ಜಾಣತನ ಇತ್ತು. ಎಂಜಿನ್ ನಿಲ್ಲಿಸಿ ಹಿಮ್ಮುಖವಾಗಿ ಸ್ಟಾರ್ಟ್ ಮಾಡಿದರೆ ಎಲ್ಲ ನಾಲ್ಕು ಗೇರುಗಳೂ ರಿವರ್ಸ್ ಆಗುತ್ತಿದ್ದವು. ಪಿಸ್ಟನ್ನೇ ಕಿಂಡಿಗಳನ್ನು ತೆರೆದು ಮುಚ್ಚುವ ಟೂ-ಸ್ಟ್ರೋಕ್ ಎಂಜಿನ್ನಿಗೆ ಯಾವ ಕಡೆ ತಿರುಗಿದರೂ ಒಂದೇ. ಕಿಡಿ ಬೀಳುವ ಸಮಯ ಮಾತ್ರ ಬದಲಾಗಬೇಕು, ಅದಕ್ಕೆ ಬೇರೆ ಪಾಯಿಂಟ್ ಸೆಟ್ ಇಟ್ಟಿದ್ದರು.

ತಯಾರಿಕೆಯ ಕಾರಣವೂ ಇದೆ. ವಿಮಾನದ ಕಾರ್ಖಾನೆ ಹತ್ತು, ನೂರು, ಹೆಚ್ಚೆಂದರೆ ಸಾವಿರದ ಲೆಕ್ಕದಲ್ಲಿ ಯೋಚಿಸುತ್ತದೆ. ಅಲ್ಲಿ ತಗಡನ್ನು ರಬ್ಬರ್ ಪ್ರೆಸ್ಸಿನಲ್ಲಿ ಒಂದೇ ಅಚ್ಚಿನ ಮೇಲೆ ಒತ್ತುತ್ತಾರೆ, ತುಂಡುಗಳನ್ನು ಹಿಡಿದಿಡುವ ಜಿಗ್ ಕಟ್ಟಿ ರಿವೆಟ್ ಹೊಡೆಯುತ್ತಾರೆ, ನುರಿತ ಕೈ ಕೊನೆಗೆ ತಿದ್ದುತ್ತದೆ. ಅಚ್ಚಿನ ಖರ್ಚು ಕಡಿಮೆ, ಕೂಲಿ ಹೆಚ್ಚು. ಕಾರಿನವರದು ಇದಕ್ಕೆ ಉಲ್ಟಾ: ಉಕ್ಕಿನ ಜೋಡಿ ಅಚ್ಚಿಗೆ ಮೊದಲೇ ಭಾರಿ ಹಣ ಸುರಿದು, ಆಮೇಲೆ ಒಂದೊಂದು ತುಂಡಿಗೆ ಪುಡಿಗಾಸು. 300 ಗಾಡಿಗೆ ಮೊದಲ ದಾರಿ ಸರಿ. 30,000ಕ್ಕೆ ಆ ದಾರಿಯಲ್ಲಿ ಹೋದರೆ ಪ್ರತಿ ಗಾಡಿಗೂ ನಷ್ಟ. 2ಸಿವಿಯ ಬೆಲೆಯನ್ನು ಮುಟ್ಟಬೇಕಾದರೆ ಎರಡನೆಯ ದಾರಿಗೆ ಹಾರಬೇಕಿತ್ತು. ಅಷ್ಟು ಹೊತ್ತಿಗೆ ಕಂಪನಿಯ ಕೈಯಲ್ಲಿ ‘ನೊರಟ್ಲಾಸ್’ ಸಾಗಣೆ ವಿಮಾನದ ಭಾರಿ ಆರ್ಡರು ಇತ್ತು, ಪುಟ್ಟ ಗಾಡಿಗೆ ಹಣ ಹೂಡುವ ತುರ್ತು ಅವರಿಗಿರಲಿಲ್ಲ ಎಂದೇ ನನ್ನ ಅಂದಾಜು. ವಿಪರ್ಯಾಸವೆಂದರೆ, 1956ರ ಕೊನೆಯಲ್ಲಿ ಸೂಯೆಜ್ ಬಿಕ್ಕಟ್ಟಿನಿಂದ ಫ್ರಾನ್ಸಿನಲ್ಲಿ ಪೆಟ್ರೋಲ್ ಪಡಿತರ ಬಂದು ಪುಟ್ಟ ಗಾಡಿಗಳಿಗೆ ಬೇಡಿಕೆ ಏರಬೇಕಾದ ವರ್ಷವೇ ಇಂಟರ್ ನಿಂತುಹೋಯಿತು.

ಕೊಳ್ಳುವುದಾದರೆ

ಇಲ್ಲಿ ಸಾಮಾನ್ಯ ಕಾರು ಕೊಳ್ಳುವವರ ಬುದ್ಧಿ ತಪ್ಪು ದಾರಿ ಹಿಡಿಸುತ್ತದೆ. ಒಂದು ಗಾಡಿಯ ಎಂಜಿನ್ ಸದ್ದು ಮಾಡುತ್ತ ಓಡುತ್ತಿದೆ, ಮೈಯ ಭಾಗಗಳು, ಗಾಜಿನ ಚೌಕಟ್ಟು, ಜೈರೊಸ್ಟಾರ್ಟರ್ ಇಲ್ಲ. ಇನ್ನೊಂದರ ಎಂಜಿನ್ ಹಿಡಿದುಕೊಂಡಿದೆ, ಉಳಿದದ್ದೆಲ್ಲ ಇದೆ. ಎರಡನೆಯದನ್ನೇ ಕೊಳ್ಳಬೇಕು. ಇದ್ರಾಲ್ ಎಂಜಿನ್ನಿನ ಪಿಸ್ಟನ್, ರಿಂಗ್, ಸೀಲು, ಪಾಯಿಂಟು ಫ್ರಾನ್ಸಿನ ಹಳೆ ಮೋಟರ್‌ಸೈಕಲ್ ಸಂತೆಗಳಲ್ಲಿ ಸಿಗುತ್ತವೆ. ಸಿಗದಿದ್ದರೆ ಲೇತ್‌ನವರು ಅಳತೆಗೆ ಮಾಡಿಕೊಡಬಲ್ಲರು. 300 ಗಾಡಿಗೆಂದೇ ಮಾಡಿದ ಬಾಗಿಲ ಹಿಂಜು, ಮಡಚುವ ತೋಳಿನ ಲಾಕು ಎಲ್ಲಿಂದ ತರುತ್ತೀರಿ?

ಮೈಯನ್ನು ಅಯಸ್ಕಾಂತ ಹಿಡಿದು ನೋಡಿ. ಎಲ್ಲಿ ಉಕ್ಕು, ಎಲ್ಲಿ ಅಲ್ಯೂಮಿನಿಯಂ, ಎಲ್ಲಿ ಬರೀ ಪುಟ್ಟಿ ಎಂದು ತಿಳಿಯುತ್ತದೆ. ಉಕ್ಕು ಮತ್ತು ಅಲ್ಯೂಮಿನಿಯಂ ಸೇರುವ ಕಡೆ ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ಕರಗುತ್ತಿದೆ ಎಂದರ್ಥ. ಅಲ್ಲಿ ರಿವೆಟ್ ತೆಗೆದು, ಸ್ವಚ್ಛ ಮಾಡಿ, ಎರಡು ಲೋಹಗಳ ನಡುವೆ ಪ್ರೈಮರ್ ಅಥವಾ ಸೀಲಂಟ್ ಪದರ ಹಾಕಿಯೇ ಮತ್ತೆ ಜೋಡಿಸಬೇಕು. ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಮಡಚುವ ಕೀಲಿನಲ್ಲಿ ಬೆರಳಿಟ್ಟರೆ ಆಟ ಎಲ್ಲಿದೆ ಎಂದು ಗೊತ್ತಾಗುತ್ತದೆ. ಪಿನ್ನು ಸವೆದಿದ್ದರೆ ಬುಷ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಹೊಸ ಪಿನ್ ಮಾಡಿಸಿ, ಬುಷ್ಷನ್ನು ಒತ್ತಿ ಕೂರಿಸಿದ ಮೇಲೆ ತೂತನ್ನು ಅಳತೆಗೆ ತರುವ ರೀಮರ್ ಹಾಕಿ, 0.05 ಮಿಲಿಮೀಟರಿಗಿಂತ ಹೆಚ್ಚು ಸಡಿಲ ಇರದಂತೆ ನೋಡಿಕೊಳ್ಳಬೇಕು. ಆಮೇಲೆ ದಾರ ಕಟ್ಟಿ ಪರೀಕ್ಷೆ: ಗಾಡಿಯ ನಡುಗೆರೆಯ ಮೇಲೆ ದಾರ ಎಳೆದರೆ ಹಿಂದಿನ ಗಾಲಿ ಸರಿಯಾಗಿ ಅದರ ಮೇಲೇ ನಿಲ್ಲಬೇಕು. ಚೈನ್ ಬಿಗಿಮಾಡುವಾಗ ಎರಡು ಕಡೆಯ ನಟ್ಟುಗಳನ್ನು ಒಂದೇ ಸಮ ತಿರುಗಿಸದಿದ್ದರೆ ಆ ಗಾಲಿ ಓರೆಯಾಗಿ, ಗಾಡಿ ಏಡಿಯಂತೆ ಪಕ್ಕಕ್ಕೆ ನಡೆಯುತ್ತದೆ. ದೋಷ ಸ್ಟಿಯರಿಂಗಿನಲ್ಲಿದೆ ಎಂದುಕೊಂಡು ಮುಂದಿನದನ್ನು ಬಿಚ್ಚಿ ದಿನ ಕಳೆಯುವವರು ಬಹಳ.

ಪ್ಲೆಕ್ಸಿಗ್ಲಾಸ್ (ಗಾಜಿನಂತೆ ಕಾಣುವ ಅಕ್ರಿಲಿಕ್ ಪ್ಲಾಸ್ಟಿಕ್) ಭಾಗಗಳನ್ನು ಸಾಬೂನು ನೀರಿನಿಂದಷ್ಟೇ ತೊಳೆಯಬೇಕು. ಪೆಟ್ರೋಲ್, ತಿನ್ನರ್, ಅಮೋನಿಯ ಇರುವ ಗಾಜು ಒರೆಸುವ ದ್ರಾವಣ ತಗುಲಿದರೆ ಕೂದಲಿನಂಥ ಬಿರುಕುಗಳ ಬಲೆ ಏಳುತ್ತದೆ, ಅದು ಹೋಗುವುದಿಲ್ಲ. ಮೇಲ್ಮೈಯ ಗೀರುಗಳನ್ನು 800, 1200, 2000 ನಂಬರಿನ ವಾಟರ್ ಪೇಪರಿನಿಂದ ಕ್ರಮವಾಗಿ ಉಜ್ಜಿ ಪಾಲಿಶ್ ಮಾಡಬಹುದು. ಹೊಸದು ಮಾಡಿಸಿದರೆ ಸ್ಕ್ರೂ ತೂತುಗಳನ್ನು ದೊಡ್ಡದಾಗಿಯೇ ಕೊರೆಸಿ. ಅಕ್ರಿಲಿಕ್ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ಚಳಿಗಾಲದ ಬೆಳಗಿನಿಂದ ಬೇಸಿಗೆಯ ಬಿಸಿಲಿಗೆ 40 ಡಿಗ್ರಿ ವ್ಯತ್ಯಾಸವೆಂದರೆ 2.8 ಮಿಲಿಮೀಟರ್. ಬಿಗಿಯಾಗಿ ಸ್ಕ್ರೂ ಹಾಕಿದ ಹಾಳೆ ತೂತಿನಿಂದಲೇ ಸೀಳುತ್ತದೆ.

ಎಂಜಿನ್ ವಿಚಾರಕ್ಕೆ ಬಂದರೆ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬಿಚ್ಚಿ ಕಟ್ಟಿದವರಿಗೆ ಇದ್ರಾಲ್ ಹೊಸದೆನಿಸುವುದಿಲ್ಲ. ಹಿಡಿದುಕೊಂಡ ಎಂಜಿನ್ನನ್ನು ಬಲವಂತವಾಗಿ ತಿರುಗಿಸಬೇಡಿ. ಪ್ಲಗ್ ತೂತಿನಿಂದ ಡೀಸೆಲ್ಲೂ ತೆಳು ಎಣ್ಣೆಯೂ ಬೆರೆಸಿ ಹಾಕಿ ಕೆಲವು ದಿನ ಬಿಡಿ. ರಿಂಗು ಸಿಲಿಂಡರಿನ ಕಿಂಡಿಯ ಅಂಚಿಗೆ ಸಿಕ್ಕಿಕೊಂಡಿದ್ದರೆ ಬಲ ಹಾಕಿದ ಕೂಡಲೇ ಮುರಿಯುತ್ತದೆ. ಬಿಚ್ಚಿದ ಮೇಲೆ ಹೊಸ ರಿಂಗನ್ನು ಬೋರಿನೊಳಗೆ ಸಮನಾಗಿ ಕೂರಿಸಿ ತುದಿಗಳ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಸುಮಾರು 60 ಮಿಲಿಮೀಟರ್ ಬೋರಿಗೆ 0.20ರಿಂದ 0.25 ಸರಿ. 0.6 ದಾಟಿದ ಹಳೆ ರಿಂಗನ್ನು ಮತ್ತೆ ಹಾಕಬೇಡಿ.

ಎಷ್ಟೋ ಜನ ತಪ್ಪುವುದು ಕ್ರ್ಯಾಂಕಿನ ಆಯಿಲ್ ಸೀಲುಗಳಲ್ಲಿ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಸಿಲಿಂಡರಿಗೆ ತಳ್ಳುವ ಪಂಪು ಕ್ರ್ಯಾಂಕ್‌ಕೇಸೇ. ದಶಕಗಳಿಂದ ಸುಮ್ಮನೆ ನಿಂತ ಎಂಜಿನ್ನಿನ ಸೀಲು ಗಟ್ಟಿಯಾಗಿ ಬಿರಿದಿರುತ್ತದೆ. ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಐಡ್ಲಿಂಗ್ ತಾನಾಗಿ ಏರುತ್ತದೆ, ಕಾರ್ಬ್ಯುರೇಟರ್ ಎಷ್ಟು ತಿರುವಿದರೂ ಇಳಿಯುವುದಿಲ್ಲ, ಕೊನೆಗೆ ಪಿಸ್ಟನ್ ಹಿಡಿಯುತ್ತದೆ. ಗೇರ್‌ಬಾಕ್ಸ್ ಕಡೆಯದು ಹೋದರೆ ಗೇರ್ ಎಣ್ಣೆಯನ್ನು ಎಂಜಿನ್ ಕುಡಿಯುತ್ತದೆ: ದಟ್ಟ ಬಿಳಿ ಹೊಗೆ, ಒದ್ದೆ ಪ್ಲಗ್, ದಿನದಿನಕ್ಕೂ ಇಳಿಯುವ ಗೇರ್ ಎಣ್ಣೆ. ಪರೀಕ್ಷೆ ಸುಲಭ. ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ಬಾಯಿಗಳನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ಪ್ಲಗ್ ತೂತಿನಿಂದ 0.4 ಬಾರ್ ಒತ್ತಡದ ಗಾಳಿ ತುಂಬಿ. ಪಿಸ್ಟನ್ ಕೆಳಗಿರಬೇಕು, ಇಲ್ಲದಿದ್ದರೆ ಗಾಳಿ ಕೆಳಕ್ಕೆ ಇಳಿಯುವುದಿಲ್ಲ. ನಿಮಿಷಕ್ಕೆ 0.07 ಬಾರಿಗಿಂತ ಹೆಚ್ಚು ಇಳಿದರೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಿ. ಟೈರಿಗೆ ಗಾಳಿ ಹಾಕುವ ದೊಡ್ಡ ಕಂಪ್ರೆಸರ್ ಬಳಸಬೇಡಿ, ಒಳ್ಳೆಯ ಸೀಲೂ ಹಾರಿಹೋಗುತ್ತದೆ.

ಎಣ್ಣೆಯ ಪ್ರಮಾಣದ ಬಗ್ಗೆ ಹಳೆಯ ಕೈಪಿಡಿಗಳನ್ನು ಅಕ್ಷರಶಃ ನಂಬಬೇಕಿಲ್ಲ. ಆಗ ಹಾಕುತ್ತಿದ್ದುದು ಸಾದಾ ಎಸ್‌ಎಇ 30 ಎಂಜಿನ್ ಎಣ್ಣೆ, ಅದೂ ಶೇಕಡಾ 5ರಿಂದ 6. ಈಗಿನ 2ಟಿ ಎಣ್ಣೆಗೆ ಶೇಕಡಾ 4 ಸಾಕು, ಅಂದರೆ 5 ಲೀಟರ್ ಪೆಟ್ರೋಲಿಗೆ 200 ಮಿಲಿ. ಹೊಸ ಪಿಸ್ಟನ್, ಹೊಸ ಬೋರು ಆದ ಮೊದಲ ಕೆಲವು ನೂರು ಕಿಲೋಮೀಟರಿಗೆ 250 ಮಿಲಿ. ಸಿಂಥೆಟಿಕ್ ಎಂದು 100 ಮಿಲಿಗೆ ಇಳಿಸುವವರಿದ್ದಾರೆ. ಕಂಚಿನ ಬುಷ್ ಇರುವ ಹಳೆಯ ಕನೆಕ್ಟಿಂಗ್ ರಾಡಿಗೆ ಅದು ಸಾಲದು. ಡಬ್ಬಿಯ ಮೇಲೆ ಎಪಿಐ ಟಿಸಿ ಅಥವಾ ಜಾಸೊ ಎಫ್‌ಬಿ, ಎಫ್‌ಸಿ ಎಂಬ ಗುಣಮಟ್ಟದ ಗುರುತು ಇರಲಿ. ದೋಣಿ ಎಂಜಿನ್ನಿನ ಎಣ್ಣೆ ನೀರಿನಿಂದ ತಂಪಾಗುವ ಎಂಜಿನ್ನಿಗೆ ಮಾಡಿದ್ದು, ಗಾಳಿಯಿಂದ ತಂಪಾಗುವುದಕ್ಕೆ ಬೇಡ. ಫೋರ್-ಸ್ಟ್ರೋಕ್ ಎಣ್ಣೆ ಹಾಕಿದರೆ ಅದರಲ್ಲಿರುವ ಲೋಹಾಂಶ ಬೂದಿಯಾಗಿ ಪ್ಲಗ್ಗನ್ನು ಕಟ್ಟುತ್ತದೆ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯದೇ ಹಾಕಿ. ಜಿಎಲ್-5ರ ಗಂಧಕದ ಅಂಶ ಕಂಚಿನ ಬುಷ್‌ಗಳನ್ನು ತಿನ್ನುವುದುಂಟು. ಫ್ರಾನ್ಸಿನ ಬಂಕುಗಳಲ್ಲಿ ಎಸ್‌ಪಿ 95-ಇ10 ಎಂಬ ಎಥನಾಲ್ ಬೆರೆತ ಪೆಟ್ರೋಲ್ ಅಗ್ಗ, ಆದರೆ ಎಥನಾಲ್ ಕಡಿಮೆಯಿರುವ ಎಸ್‌ಪಿ 98 ಹಾಕುವುದು ಒಳ್ಳೆಯದು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮಿಶ್ರಣವನ್ನು ತೆಳು ಮಾಡುತ್ತದೆ, ತೇವ ಹೀರಿ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವ ಮೊದಲು ಕಾರ್ಬ್ಯುರೇಟರ್ ಬರಿದಾಗುವವರೆಗೆ ಪೆಟ್ರೋಲ್ ಕಾಕ್ ಮುಚ್ಚಿ ಓಡಿಸಿ.

ಬಿಸಿಯಾದ ಮೇಲೆ ನಿಂತುಹೋಗಿ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುವ ಕಾಯಿಲೆಗೆ ಕಾರ್ಬ್ಯುರೇಟರನ್ನು ಬೈಯಬೇಡಿ. ಹೆಚ್ಚಿನ ಸಲ ಅದು ಮ್ಯಾಗ್ನೆಟೊ ಕಾಯಿಲಿನ ಹಳೆಯ ಇನ್ಸುಲೇಷನ್ ಅಥವಾ ಕಂಡೆನ್ಸರ್. ಪಾಯಿಂಟ್ ಸಂದು 0.35ರಿಂದ 0.45 ಮಿಲಿಮೀಟರ್, ಪ್ಲಗ್ ಸಂದು 0.5ರ ಆಸುಪಾಸು. ಟೈಮಿಂಗ್ ಅನ್ನು ಕಿವಿಯಿಂದ ಕೇಳಿ ಹೊಂದಿಸಬಾರದು. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ಪಿಸ್ಟನ್ ತುತ್ತತುದಿ ಮುಟ್ಟುವ ಮೊದಲು ಎಷ್ಟು ಮಿಲಿಮೀಟರಿನಲ್ಲಿ ಪಾಯಿಂಟ್ ತೆರೆಯುತ್ತದೆ ಎಂದು ಅಳೆದು, ಆ ಎಂಜಿನ್ ಮಾದರಿಯ ಕೈಪಿಡಿಯ ಸಂಖ್ಯೆಗೆ ಕೂಡಿಸಬೇಕು.

ಓಡಿಸುವಾಗ ಒಂದು ಎಚ್ಚರಿಕೆ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯಬಾರದು. ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಹೋಗುತ್ತಿಲ್ಲ, ಪಿಸ್ಟನ್ ಒಣಗಿ ಹಿಡಿಯುತ್ತದೆ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಿರಬೇಕು. ಹಿಡಿಯುವ ಸೂಚನೆ ಕಂಡ ಕೂಡಲೇ ಕ್ಲಚ್ ಒತ್ತುವುದು ಅಭ್ಯಾಸವಾಗಿರಲಿ. ಹಿಂದೆ ಒಂದೇ ಗಾಲಿ, ಅದು ಲಾಕ್ ಆದರೆ ಗಾಡಿ ಬುಗುರಿಯಾಗುತ್ತದೆ. ಅದೇ ಕಾರಣಕ್ಕೆ ಹಿಂದಿನ ಟೈರಿಗೆ ಹಳೆಯದು, ಸವೆದದ್ದು ಹಾಕಬೇಡಿ. ಎರಡು ಸಾವಿರ ಕಿಲೋಮೀಟರಿಗೊಮ್ಮೆ ಸಿಲಿಂಡರಿನ ಎಕ್ಸಾಸ್ಟ್ ಕಿಂಡಿ ಮತ್ತು ಸೈಲೆನ್ಸರಿನ ಮಸಿ ಕೆರೆದು ತೆಗೆಯಬೇಕು. ಮರದ ಚಕ್ಕೆಯಿಂದ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ.

ಕಾಗದಪತ್ರದ ವಿಷಯ ಕೊನೆಗೆ ಹೇಳುತ್ತಿದ್ದೇನೆ, ಆದರೆ ದುಡ್ಡು ಕೊಡುವ ಮೊದಲು ನೋಡಬೇಕಾದದ್ದು. ತಯಾರಕರ ತಗಡಿನ ಪಟ್ಟಿ ಗಾಡಿಯ ಮೇಲೆ ಇರಬೇಕು, ಅದರ ಮೇಲಿನ ಮಾದರಿ ಮತ್ತು ಸಂಖ್ಯೆ ಫ್ರೇಮಿನ ಸಂಖ್ಯೆಗೂ ನೋಂದಣಿ ಪತ್ರಕ್ಕೂ ಹೊಂದಬೇಕು. ಫ್ರಾನ್ಸಿನಲ್ಲಿ 30 ವರ್ಷ ದಾಟಿದ ಗಾಡಿಗೆ ‘ಸಂಗ್ರಹ ವಾಹನ’ ಎಂಬ ನೋಂದಣಿ ಸಿಗುತ್ತದೆ. ಹಳೆಯ ಪತ್ರ ಕಳೆದುಹೋಗಿದ್ದರೆ ಎಫ್‌ಎಫ್‌ವಿಇ ಎಂಬ ಹಳೆ ವಾಹನಗಳ ಒಕ್ಕೂಟದ ದೃಢೀಕರಣ ಪತ್ರದೊಂದಿಗೆ ಅದನ್ನು ಮಾಡಿಸಿಕೊಳ್ಳಬಹುದು. ಪಟ್ಟಿಯೂ ಇಲ್ಲ, ಪತ್ರವೂ ಇಲ್ಲ ಎಂದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೈಹಾಕದಿರುವುದು ಲೇಸು. ‘ಸಂಗ್ರಹ ವಾಹನ’ ನೋಂದಣಿಯಾದ, 1960ಕ್ಕಿಂತ ಮೊದಲು ರಸ್ತೆಗಿಳಿದ ಗಾಡಿಗಳಿಗೆ ಅಲ್ಲಿನ ಕಡ್ಡಾಯ ತಾಂತ್ರಿಕ ತಪಾಸಣೆಯಿಂದ ವಿನಾಯಿತಿ ಇದೆ, ಹಾಗಾಗಿ ಬ್ರೇಕು, ಕೀಲು ಪರೀಕ್ಷಿಸುವ ಹೊಣೆ ಪೂರ್ತಿ ಮಾಲೀಕನದೇ. ಹೆಡ್‌ಲೈಟಿಗೆ ಹಳದಿ ಬಲ್ಬು ಕಂಡರೆ ಯಾರೋ ಬದಲಿಸಿದ್ದಾರೆ ಎಂದುಕೊಳ್ಳಬೇಡಿ. 1930ರ ದಶಕದ ಕೊನೆಯಿಂದ 1993ರವರೆಗೆ ಫ್ರಾನ್ಸಿನಲ್ಲಿ ಕಾನೂನು ಕೇಳುತ್ತಿದ್ದುದೇ ಹಳದಿ ಬೆಳಕನ್ನು. ಅದನ್ನು ಹಾಗೆಯೇ ಉಳಿಸಿಕೊಳ್ಳಲಿ.